ವಾಪಸು ಬಂದ ಪಾಯಸ

ಕಳೆದ ವಾರ ಅರಸೀಕೆರೆಯ ಅಂಗಡಿಯೊಂದರಲ್ಲಿ ಉಂಡೆ ಕೊಬ್ಬರಿ ಕೊಳ್ಳಲು ನಿಂತಿದ್ದೆ. ಗೆಂಡೆಹಳ್ಳಿಗೆ ತೆಗೆದುಕೊಂಡು ಹೋಗಬೇಕಿತ್ತು. ಅಂಗಡಿಯವನು ಒಂದು ಉಂಡೆಯನ್ನು ಎರಡು ಹೋಳು ಮಾಡಿ ನನ್ನ ಮುಂದೆ ಹಿಡಿದ. ನೋಡಲು ಬೆಳ್ಳಗೆ, ಚೊಕ್ಕವಾಗಿತ್ತು. ಆದರೆ ಅದರಿಂದ ಎದ್ದ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಕಮಟು ಹಿಡಿದಿದೆ ಎಂದೆ. ಅವನು ಮೂಸಿ ನೋಡಿ ಇಲ್ಲವೆಂದ. ಇನ್ನೊಮ್ಮೆ ಮೂಸಿ, "ಹೂಂ, ಒಂಚೂರು ಐತೆ. ಏನ್ ಮೂಗಮ್ಮ ನಿಮ್ದು" ಎಂದ.

ಅವನು ಹೊಗಳಿದ್ದು. ಆದರೆ ಈ ಮೂಗು ನನಗೆ ಬೇಕಾಗಿದ್ದ ಒಂದೇ ಒಂದು ದಿನ ಕೈಕೊಟ್ಟಿತ್ತು. ಅದರ ಫಲ ಉಂಡವಳು ನಾನಲ್ಲ, ನಮ್ಮ ಎದುರುಮನೆಯ ದೊಡ್ಡಮ್ಮ.

ದೊಡ್ಡಮ್ಮ ಎಂದರೆ ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಬಾಣಾವರದ ಪಕ್ಕದ ನಮ್ಮ ಹಳ್ಳಿಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಗೆಂಡೆಹಳ್ಳಿಯಲ್ಲಿ ಒಬ್ಬ ತಂಗಿ. ಊರಂಚಿನ ಪುಟ್ಟ ಮಠದಲ್ಲಿ ಪ್ರತಿ ಸೋಮವಾರ ನಡೆಯುವ ದಾಸೋಹಕ್ಕೆ ಅಡುಗೆ ಮಾಡುತ್ತಿದ್ದವರು ಅವರು. ಅವರಿಗಿಂತ ಮೊದಲು ಅವರ ಅತ್ತೆ ಮಾಡುತ್ತಿದ್ದರಂತೆ. ಅತ್ತೆ ಕೈಬಿಟ್ಟ ಸೌಟನ್ನು ಇವರು ಹಿಡಿದು ಮೂವತ್ತು ವರ್ಷವಾಗಿತ್ತು. ನಾನು ಬಾಣಾವರದ ಶಾಲೆಯೊಂದರಲ್ಲಿ ಗಣಿತದ ಟೀಚರು. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ, ಊಟದ ವಿಷಯದಲ್ಲಿ ಮಾತ್ರ ಬಹಳ ಭಕ್ತಿ.

ಆ ಮಠದ ಅಡುಗೆಗೆ ಅದರದೇ ಕಟ್ಟುಪಾಡಿತ್ತು. ಗದ್ದುಗೆಗೆ ಎಡೆ ಇಡುವ ತನಕ ಅಡುಗೆಯವರು ಮಾತಾಡುವಂತಿಲ್ಲ. ಉಗುಳು ಸಿಡಿಯಬಾರದೆಂದು ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಳ್ಳಬೇಕು. ಕೊರೊನಾ ಬಂದು ಊರೆಲ್ಲ ಬಾಯಿ ಕಟ್ಟಿಕೊಂಡಾಗ ದೊಡ್ಡಮ್ಮ ನಕ್ಕು, "ನಂಗೇನು ಹೊಸ್ದಾ? ಮೂವತ್ತು ವರ್ಷದಿಂದ ಕಟ್ಕಂಡಿವ್ನಿ" ಎಂದಿದ್ದರು. ಇನ್ನು ರುಚಿ ನೋಡುವುದಂತೂ ದೂರದ ಮಾತು. ಉಪ್ಪು ಹೆಚ್ಚೋ ಕಡಿಮೆಯೋ, ಬೇಳೆ ಬೆಂದಿತೋ ಇಲ್ಲವೋ, ಎಲ್ಲವನ್ನೂ ಕುದಿಯುವ ಹಬೆಯಿಂದಲೇ ತಿಳಿಯಬೇಕು. ಅದನ್ನೂ ಬಗ್ಗಿ ಮೂಸಿದರೆ ಎಂಜಲು. ತಾನಾಗಿ ಬಂದು ಮೂಗಿಗೆ ತಾಗಿದರೆ ದೋಷವಿಲ್ಲ. ಈ ಸೂಕ್ಷ್ಮವನ್ನು ಯಾರು ಕಂಡುಹಿಡಿದರೋ, ಅವರಿಗೆ ನನ್ನದೊಂದು ನಮಸ್ಕಾರ. ದೊಡ್ಡಮ್ಮನಿಗೆ ಅದು ಲೀಲಾಜಾಲವಾಗಿತ್ತು. ಒಲೆಯಿಂದ ಮೂರು ಮಾರು ದೂರದಲ್ಲಿ ಕಣ್ಣು ಮುಚ್ಚಿ ನಿಂತು, ಹತ್ತಿರ ಹೋಗಿ ಒಂದು ಚಿಟಿಕೆ ಉಪ್ಪು ಹಾಕಿ ಬರುತ್ತಿದ್ದರು. ಆ ಚಿಟಿಕೆ ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಮೊದಲನೇ ಅಲೆ ಬಂದ ವರ್ಷ, ಗಣಪತಿ ಹಬ್ಬ ಕಳೆದ ಮೇಲೆ ಅವರಿಗೆ ಜ್ವರ ಬಂತು. ಹತ್ತು ದಿನ ಮಲಗಿದರು. ನಾನು ಗಂಜಿ ಮಾಡಿ ಅವರ ಜಗುಲಿಯ ಮೇಲಿಟ್ಟು, ಕೂಗಿ ಹೇಳಿ ಬರುತ್ತಿದ್ದೆ. ಎದ್ದರು, ಓಡಾಡಿದರು, ಮಠದ ದಾಸೋಹ ಮತ್ತೆ ಶುರುವಾದಾಗ ಸೌಟು ಹಿಡಿದರು. ಎಲ್ಲ ಮುಗಿಯಿತು ಎಂದುಕೊಂಡೆವು...

ಅವರೆಕಾಯಿ ಕಾಲ. ಒಂದು ಬೆಳಿಗ್ಗೆ ಎದುರುಮನೆಯಿಂದ ಹಾಲು ಸೀದ ವಾಸನೆ ರಸ್ತೆ ದಾಟಿ ನನ್ನ ಅಡುಗೆಮನೆಗೆ ಬಂತು. ಮೊದಲು ಬೈದುಕೊಂಡೆ. ಆಮೇಲೆ ಅದು ನಿಲ್ಲದೆ ಬರುತ್ತಲೇ ಇದ್ದಾಗ ಹೆದರಿ ಓಡಿದೆ. ಒಲೆಯ ಮೇಲೆ ಪಾತ್ರೆ ಕೆಂಡದಂತಾಗಿ ಹೊಗೆ ಬರುತ್ತಿದೆ. ಅದಕ್ಕೆ ಬೆನ್ನು ಹಾಕಿ, ಒಂದು ಗಜದ ದೂರದಲ್ಲಿ ದೊಡ್ಡಮ್ಮ ಕೂತು ಹಾಯಾಗಿ ಅವರೆಕಾಯಿ ಸುಲಿಯುತ್ತಿದ್ದಾರೆ. ನಾನು ಗ್ಯಾಸು ಆರಿಸಿ, ಪಾತ್ರೆಯನ್ನು ಬಚ್ಚಲಿಗೆ ಎಸೆದ ಮೇಲೆ ತಿರುಗಿ ನೋಡಿದರು. ಮರೆತೆ ಎಂದರು. ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಊರವರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹಳೆಯ ಚಾಳಿ, ಅಷ್ಟಕ್ಕೆ ಬಿಡುವವಳಲ್ಲ. ಕೊನೆಗೆ ಅವರೇ ಬಾಯಿಬಿಟ್ಟರು.

"ಏನೂ ವಾಸ್ನೆ ಬರಾಕಿಲ್ಲ ಕಣೇ. ಊದಿನಕಡ್ಡಿನೂ ಇಲ್ಲ, ಬಚ್ಚಲೂ ಇಲ್ಲ. ತಲೆ ಒಳಗೆ ಬೂದಿ ತುಂಬ್ದಂಗೈತೆ. ಉಪ್ಪು ಹಾಕಿದ್ನೋ ಇಲ್ವೋ ಅದೂ ಗ್ಯಾನ ಇರಾಕಿಲ್ಲ."

ಅಷ್ಟು ಸೋಮವಾರ ಹೇಗೆ ಸಂಭಾಳಿಸಿದಿರಿ ಎಂದೆ. ಕೈ ಅಳತೆಯಲ್ಲಿ ಎಂದರು. ಉಪ್ಪು ಹಾಕಿದ ಕೂಡಲೇ ಒಂದು ಹುಣಸೆಬೀಜ ಎತ್ತಿ ಒಲೆಯ ದಂಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರಂತೆ, ಮರೆಯದಿರಲು. ಒಂದು ಸೋಮವಾರ ಬೀಜ ಇಟ್ಟದ್ದು ಉಪ್ಪಿಗೋ ಅರಿಸಿನಕ್ಕೋ ಎಂಬುದೇ ಮರೆತುಹೋಗಿ, ಬೀಜವನ್ನು ನೋಡುತ್ತ ಬೆವರಿದ್ದರಂತೆ.

ನಾನು ಅವರನ್ನು ಅರಸೀಕೆರೆಯ ಡಾಕ್ಟರೊಬ್ಬರ ಬಳಿಗೆ ಕರೆದುಕೊಂಡು ಹೋದೆ. ವಾಸನೆಯನ್ನು ಮಿದುಳಿಗೆ ಒಯ್ಯುವ ದಾರಿಗೆ ವೈರಸ್ಸಿನಿಂದ ಪೆಟ್ಟಾಗಿರಬಹುದು ಎಂದರು ಅವರು. ಮಿದುಳಿನೊಳಗೆ ವಾಸನೆಯೂ ನೆನಪೂ ಅಕ್ಕಪಕ್ಕದ ಮನೆಯವರಂತೆ, ಒಂದಕ್ಕೆ ತೊಂದರೆಯಾದಾಗ ಇನ್ನೊಂದೂ ಮಂಕಾದಂತೆ ಕೆಲವರಿಗೆ ಅನ್ನಿಸುತ್ತದೆ ಎಂದರು. ಕೆಲವರಿಗೆ ತಿಂಗಳುಗಳಲ್ಲಿ ವಾಸನೆ ಮರಳುತ್ತದೆ, ಕೆಲವರಿಗೆ ಇಲ್ಲ. ದಿನಕ್ಕೆರಡು ಸಲ ನಾಲ್ಕೈದು ಗಾಢ ವಾಸನೆಯ ಪದಾರ್ಥಗಳನ್ನು ಮೂಸಿ, ಆ ವಾಸನೆಯನ್ನು ನೆನಪಿಸಿಕೊಳ್ಳುವ ಅಭ್ಯಾಸ ಮಾಡಿ ಎಂದು ಕಳಿಸಿದರು.

ಹಾಗಾಗಿ ಪ್ರತಿ ಸಂಜೆ ದೊಡ್ಡಮ್ಮನಿಗೆ ನನ್ನ ಪಾಠ ನಡೆಯಿತು. ಲವಂಗ, ನಿಂಬೆಸಿಪ್ಪೆ, ಇಂಗು, ಕರ್ಪೂರ, ಒಂದೊಂದನ್ನೂ ಪುಟ್ಟ ಡಬ್ಬಿಗೆ ಹಾಕಿ, ಅವರ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ಅವರು ಡಬ್ಬಿ ಅಲ್ಲಾಡುವ ಸದ್ದು ಕೇಳಿ ಸರಿಯುತ್ತರ ಹೇಳಿ ನನ್ನನ್ನು ಯಾಮಾರಿಸುತ್ತಿದ್ದರು. ನನ್ನ ಕ್ಲಾಸಿನ ಹುಡುಗಿಯರೂ ಅಷ್ಟು ಚೆನ್ನಾಗಿ ಕಾಪಿ ಹೊಡೆಯುತ್ತಿರಲಿಲ್ಲ. ಡಬ್ಬಿಗೆ ಹತ್ತಿ ತುರುಕಿ ಸದ್ದು ನಿಲ್ಲಿಸಿದೆ. ಆ ಸಂಜೆ ಅವರು ನಾಲ್ಕಕ್ಕೂ ಇಲ್ಲವೆಂದು ತಲೆಯಾಡಿಸಿಬಿಟ್ಟರು. ಅವರನ್ನು ಹಾಗೆ ಸಿಕ್ಕಿಹಾಕಿಸಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಮಠದವರಿಗೆ ಹೇಳಿಬಿಡಿ ಎಂದು ಎಷ್ಟೋ ಸಲ ಹೇಳಿದೆ. ಮಠದ ಆಡಳಿತ ನೋಡಿಕೊಳ್ಳುತ್ತಿದ್ದ ಪಾರುಪತ್ತೇದಾರರು ಕೆಟ್ಟವರೇನಲ್ಲ. ಆದರೆ ದೊಡ್ಡಮ್ಮ ಒಪ್ಪಲಿಲ್ಲ. "ಮೂಗಿಲ್ದೋಳ ಕೈಲಿ ಎಡೆ ಅಡುಗೆ ಮಾಡಿಸ್ತಾರಾ? ಆ ಒಲೆ ಬಿಟ್ರೆ ನಾನ್ಯಾರೇ?" ಎಂದರು. ಆಗ ನಾನು ಮಾಡಿದ ತಪ್ಪು ಏನೆಂದರೆ, ನಾನೇ ಅವರ ಮೂಗಾಗುತ್ತೇನೆ ಎಂದೆ.

ಮಠದ ಅಡುಗೆಮನೆಯ ಹೊಸ್ತಿಲಾಚೆ ಒಂದು ಪಡಸಾಲೆ. ಸ್ನಾನ ಮಾಡಿ ಬಂದ ಹೆಂಗಸರು ಅಲ್ಲಿ ತರಕಾರಿ ಹೆಚ್ಚಬಹುದು. ಒಲೆಯ ಹಬೆಯೆಲ್ಲ ಆ ಬಾಗಿಲಿನಿಂದಲೇ ಹೊರಗೆ ಬರುತ್ತಿತ್ತು. ಪ್ರತಿ ಸೋಮವಾರ ಶಾಲೆಗೆ ಹೋಗುವ ಮುಂಚೆ, ರಜೆಯಿದ್ದರೆ ದಿನವಿಡೀ, ನಾನು ಈಳಿಗೆಮಣೆ ಹಾಕಿಕೊಂಡು ಹೊಸ್ತಿಲಿಗೆ ಎದುರಾಗಿ ಕೂರತೊಡಗಿದೆ. ಮಾತಾಡುವಂತಿಲ್ಲವಲ್ಲ, ನಮ್ಮದು ಸೆರಗಿನ ಭಾಷೆ. ಸೆರಗನ್ನು ಮುಂದಕ್ಕೆಳೆದುಕೊಂಡರೆ ಉಪ್ಪು ಬೇಕು. ಹಿಂದಕ್ಕೆ ಹಾಕಿದರೆ ಎಲ್ಲ ಸರಿಯಾಗಿದೆ, ಸಾಕು. ತಲೆ ಮೇಲೆ ಹೊದ್ದರೆ ತಳ ಹಿಡಿಯುತ್ತಿದೆ, ಉರಿ ತಗ್ಗಿಸಿ. ಬೇರೆಯವರಿಗೆ ನಾನು ಸೆರಗು ನಿಲ್ಲದ ಅಡ್ಡಾದಿಡ್ಡಿ ಹೆಂಗಸಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ನಾಲ್ಕು ತಿಂಗಳು ಹೀಗೆ ನಡೆಯಿತು. ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ. ನಾನು ಮಾತ್ರ ಪ್ರತಿ ಸೋಮವಾರ ಹಬೆಯ ಕಡೆಗೇ ಗಮನವಿಟ್ಟು, ಬದನೆಕಾಯಿ ಹೆಚ್ಚುತ್ತ ಕೈ ಕುಯ್ದುಕೊಂಡದ್ದಕ್ಕೆ ಲೆಕ್ಕವಿಲ್ಲ. ದೊಡ್ಡಮ್ಮ ಒಲೆಯನ್ನು ನೋಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ಅಡುಗೆ ಮಾಡುತ್ತಿದ್ದರು. ಒಗ್ಗರಣೆಗೆ ಇಂಗು ಬಿದ್ದಾಗ ನನ್ನ ಮೂಗು ಅರಳಿದರೆ, ವಸ್ತ್ರದ ಮೇಲಿನ ಅವರ ಕಣ್ಣುಗಳೂ ಅರಳುತ್ತಿದ್ದವು.

ಫಾಲ್ಗುಣದಲ್ಲಿ ಗದ್ದುಗೆ ಪೂಜೆ ಬಂತು. ವರ್ಷಕ್ಕೊಂದು ಸಲದ ದೊಡ್ಡ ದಾಸೋಹ, ಮುನ್ನೂರು ಎಲೆ. ಎರಡನೇ ಅಲೆ ಆಗಿನ್ನೂ ಪೇಪರಿನ ಸುದ್ದಿಯಾಗಿತ್ತು. ಹಿಂದಿನ ದಿನ ಊರ ಹೆಂಗಸರೆಲ್ಲ ಸೇರಿ, ಭಕ್ತರು ಕೊಟ್ಟ ಮೂಟೆಗಳಿಂದ ಕೊಬ್ಬರಿ ತುರಿದು ದೊಡ್ಡ ಪಾತ್ರೆಯಲ್ಲಿ ತುಂಬಿಟ್ಟಿದ್ದರು. ಅದರಲ್ಲಿ ಕಮಟು ಹಿಡಿದ ಉಂಡೆಗಳು ಎಷ್ಟು ಸೇರಿದ್ದವೋ, ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಎಲ್ಲರಿಗೂ ಒಂದೇ ಧೈರ್ಯ, ನಾಳೆ ದೊಡ್ಡಮ್ಮ ಇದ್ದೇ ಇರುತ್ತಾರಲ್ಲ, ಅವರ ಮೂಗು ತಪ್ಪಿಸಿ ಏನು ಹೋದೀತು...

ಆ ಬೆಳಿಗ್ಗೆಯನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಎದ್ದಾಗ ಮೈಕೈ ನೋಯುತ್ತಿತ್ತು. ನಿನ್ನೆ ಕುಂಬಳಕಾಯಿ ಹೆಚ್ಚಿದ್ದಕ್ಕೆ ಎಂದುಕೊಂಡೆ. ಮುಡಿದ ದುಂಡುಮಲ್ಲಿಗೆ ಘಮ್ಮೆನ್ನಲಿಲ್ಲ. ಹೂವಿನವಳು ಹಳೆಯ ಹೂ ಕೊಟ್ಟಿದ್ದಾಳೆ ಎಂದು ಮನಸ್ಸಿನಲ್ಲೇ ಬೈದೆ. ಕಾಫಿ ಬಿಸಿನೀರಿನಂತಿತ್ತು. ಇಷ್ಟೆಲ್ಲ ಆದ ಮೇಲೂ ಗೊತ್ತಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ತಲೆಯೆತ್ತಿತ್ತು. ಇವತ್ತು ಹೋಗದಿದ್ದರೆ ದೊಡ್ಡಮ್ಮನ ಗತಿ ಏನು ಎಂದು ಅದನ್ನು ಅಲ್ಲೇ ಅದುಮಿ, ಮಾಸ್ಕು ಹಾಕಿಕೊಂಡು ಹೊರಟೆ.

ಎಂದಿನಂತೆ ಮಾಸ್ಕನ್ನು ಗದ್ದಕ್ಕಿಳಿಸಿ ಹೊಸ್ತಿಲೆದುರು ಕೂತೆ. ಗೋಧಿ ಪಾಯಸ ಕುದಿಯುತ್ತಿತ್ತು. ದೊಡ್ಡಮ್ಮ ಬೆಲ್ಲ ಹಾಕಿ, ಏಲಕ್ಕಿ ಹಾಕಿ, ಆ ಪಾತ್ರೆಯಿಂದ ಕೊಬ್ಬರಿತುರಿ ಸುರಿದು ನನ್ನ ಕಡೆ ನೋಡಿದರು. ಹಬೆ ದಪ್ಪಗೆ ನನ್ನ ಮುಖಕ್ಕೆ ಬಂದು ತಾಗಿತು. ಬೆಚ್ಚಗಿತ್ತು, ಅಷ್ಟೆ. ಕೆಟ್ಟ ವಾಸನೆ ಏನೂ ಇರಲಿಲ್ಲ. ಒಳ್ಳೆಯ ವಾಸನೆಯೂ ಇರಲಿಲ್ಲ ಎಂಬುದನ್ನು ನಾನು ಯೋಚಿಸಲಿಲ್ಲ. ದೊಡ್ಡಮ್ಮ ಎಂದಿಗಿಂತ ಹೆಚ್ಚು ಹೊತ್ತು ನನ್ನನ್ನು ನೋಡಿದರು. ನಾನು ಸೆರಗನ್ನು ಹಿಂದಕ್ಕೆ ಹಾಕಿದೆ.

ಎಡೆಯಾಯಿತು. ಪಂಕ್ತಿ ಕೂತಿತು. ಪ್ರಸಾದವನ್ನು ಎಲೆಯಲ್ಲಿ ಬಿಡುವುದು, ಚೆನ್ನಾಗಿಲ್ಲ ಎನ್ನುವುದು ನಮ್ಮ ಕಡೆ ಯಾರೂ ಮಾಡುವುದಿಲ್ಲ. ದೊಡ್ಡಮ್ಮನ ಅಡುಗೆಗೆ ಮಾರ್ಕು ಸಿಗುತ್ತಿದ್ದದ್ದು ಎರಡನೇ ಸುತ್ತಿನಲ್ಲಿ. ಪಾಯಸದ ಬಕೆಟ್ಟು ಎರಡನೇ ಸಲ ಹೊರಟಾಗ ಅದು ಅರ್ಧ ದಾರಿಯಲ್ಲೇ ಖಾಲಿಯಾಗಿ ಒಳಗೆ ಓಡಿ ಬರಬೇಕು, ಇನ್ನೊಂದು ಹೋಗಬೇಕು. ಬಾಯಿವಸ್ತ್ರ ಬಿಚ್ಚಿ, ಬಾಗಿಲಲ್ಲಿ ನಿಂತು ಅದನ್ನು ನೋಡುವುದೇ ಅವರ ಊಟ.

ಅವತ್ತು ಬಕೆಟ್ಟು ಹೋಯಿತು. ಸಾಲಿನ ಕೊನೆ ಮುಟ್ಟಿ, ಹೋದ ಹಾಗೇ ವಾಪಸು ಬಂತು. ತುಂಬಿತ್ತು. ಬಡಿಸುವ ಹೆಂಗಸು ಅದನ್ನು ಕೆಳಗಿಟ್ಟು, ನಮ್ಮ ಕಡೆ ನೋಡದೆ, "ಎಲ್ರೂ ಸಾಕು ಅಂತಾರೆ" ಎಂದಳು. ಹೊರಗೆ ಮುನ್ನೂರು ಜನ ತಲೆ ತಗ್ಗಿಸಿ, ನೀರು ಕೇಳಿ ಕೇಳಿ ಕುಡಿಯುತ್ತ, ಎಲೆಯಲ್ಲಿದ್ದ ಪಾಯಸವನ್ನು ಒಂದು ಮಾತಾಡದೆ ನುಂಗಿ ಮುಗಿಸುತ್ತಿದ್ದರು. ಒಬ್ಬರೂ ಬಿಡಲಿಲ್ಲ. ಬಿಟ್ಟಿದ್ದರೆ, ಬೈದಿದ್ದರೆ ಎಷ್ಟೋ ಮೇಲಾಗುತ್ತಿತ್ತು.

ನಾನು ಬಕೆಟ್ಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಸಿಹಿಯಾಗಿತ್ತು. ಬರೀ ಸಿಹಿ. ಏಲಕ್ಕಿಯಿಲ್ಲ, ಕೊಬ್ಬರಿಯಿಲ್ಲ, ಬೆಲ್ಲದ ಘಮವೂ ಇಲ್ಲ. ಜಡೆಯಿಂದ ಮಲ್ಲಿಗೆ ಕಿತ್ತು ಮೂಗಿಗೆ ಹಿಡಿದೆ. ಅಡುಗೆಮನೆಯೊಳಗೆ ನುಗ್ಗಿ ಕಪಾಟಿನಿಂದ ಇಂಗಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮೂಗನ್ನು ಅದರೊಳಗೇ ಇಟ್ಟು ಎಳೆದೆ. ಏನೂ ಇಲ್ಲ. ತಲೆಯೆತ್ತಿದಾಗ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು.

ಆಗಲೇ ಪಾರುಪತ್ತೇದಾರರು ಬಂದರು. ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಹೊಸ್ತಿಲಾಚೆಯೇ ನಿಂತು, "ಅಮ್ಮಾ, ಕೊಬ್ಬರಿ ಕಮಟು ಹೊಡಿತೈತೆ. ಸ್ವಾಮಿಗಳು ಏನೂ ಅನ್ನಲಿಲ್ಲ, ಎಲ್ಲ ಮುಗಿಸಿದ್ರು. ನಿಮಗೆ ಗೊತ್ತಾಗಲಿಲ್ವಾ?" ಎಂದರು.

ಹೇಳಬೇಕಾದವಳು ನಾನು. ನಾಲಿಗೆಯ ತುದಿಯವರೆಗೂ ಬಂತು. ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ನನ್ನ ಮೂಗು ಯಾಕೆ ಹೋಯಿತು, ಆ ಸೋಂಕು ಹೊತ್ತು ಮುನ್ನೂರು ಜನರ ನಡುವೆ ಯಾಕೆ ಬಂದೆ... ನಾನು ಕೆಳಗೆ ಬಿದ್ದ ಮಲ್ಲಿಗೆಯನ್ನು ನೋಡುತ್ತ ನಿಂತೆ. ದೊಡ್ಡಮ್ಮ ಸೌಟನ್ನು ತೊಳೆದು, ಗೋಡೆಯ ಮೊಳೆಗೆ ಸಿಕ್ಕಿಸಿ, ಬಹಳ ನಿಧಾನವಾಗಿ ಹೇಳಿದರು:

"ನಂಗೆ ವಾಸ್ನೆ ಹೋಗೈತೆ. ಆ ಜ್ವರ ಬಂದಾಗಿಂದ. ಯಾರಿಗೂ ಹೇಳಿರ್ಲಿಲ್ಲ, ನಂದೇ ತಪ್ಪು."

ಯಾರಿಗೂ ಹೇಳಿರಲಿಲ್ಲವಂತೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ದಿನದ ಮೇಲೆ ನನ್ನ ಟೆಸ್ಟು ಪಾಸಿಟಿವ್ ಬಂತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಮುಂದಿನ ತಿಂಗಳು ಊರೂರೇ ಮಲಗಿದಾಗ ಯಾರಿಂದ ಯಾರಿಗೆ ಬಂತೆಂದು ಕೇಳುವ ಪುರಸೊತ್ತು ಒಬ್ಬರಿಗೂ ಇರಲಿಲ್ಲ. ನನಗೆ ಮಾತ್ರ ಇವತ್ತಿಗೂ ಅದು ಮುಗಿದಿಲ್ಲ. ನನ್ನ ವಾಸನೆ ಒಂದು ತಿಂಗಳಲ್ಲಿ ಮರಳಿತು. ಒಂದು ಬೆಳಿಗ್ಗೆ ನೀರೊಲೆಯ ಹೊಗೆ ಮೂಗಿಗೆ ತಾಗಿ, ಬಚ್ಚಲಲ್ಲೇ ಕೂತು ಅತ್ತೆ. ಅಳುತ್ತಲೇ ಎದುರುಮನೆಗೆ ಹೇಳಲು ಹೊರಟು ಬಾಗಿಲ ತನಕ ಹೋದವಳು ಹಿಂದಕ್ಕೆ ಬಂದೆ. ಯಾವ ಮುಖ ಇಟ್ಟುಕೊಂಡು ಹೇಳುವುದು? ಆ ಬೇಸಿಗೆಯಲ್ಲೇ ದೊಡ್ಡಮ್ಮ ಮನೆಗೆ ಬೀಗ ಹಾಕಿ ತಂಗಿಯ ಊರಿಗೆ ಹೊರಟುಹೋದರು.

ಗೆಂಡೆಹಳ್ಳಿಗೆ ಹೋಗುವ ಧೈರ್ಯ ಬರಲು ನನಗೆ ಒಂದೂವರೆ ವರ್ಷ ಬೇಕಾಯಿತು. ದೊಡ್ಡಮ್ಮ ಸೊರಗಿಹೋಗಿದ್ದರು. ವಾಸನೆ ಮರಳುವ ಬದಲು ತಿರುಚಿಕೊಂಡು ಬಂದಿತ್ತು. ಕಾಫಿ, ಈರುಳ್ಳಿ, ಒಗ್ಗರಣೆ, ಎಲ್ಲವೂ ಸುಟ್ಟ ವಯರಿನ ವಾಸನೆಯಂತೆ. ತಣ್ಣನೆಯ ಮೊಸರನ್ನ ಬಿಟ್ಟು ಏನೂ ಸೇರುತ್ತಿರಲಿಲ್ಲ. ಮಾತಿನ ನಡುವೆ ಪದ ಸಿಗದೆ ನಿಲ್ಲುತ್ತಿದ್ದರು. ಮೂವತ್ತು ವರ್ಷ ಹಿಡಿದ ಸೌಟಿಗೆ "ಅದು... ಕಲಕೋದು..." ಎಂದರು. ತಂಗಿ ಹೆದರಿ ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ನಾನು ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ಆವತ್ತು ನನ್ನ ಮೂಗೂ ಹೋಗಿತ್ತು ದೊಡ್ಡಮ್ಮ, ತಪ್ಪು ನಿಮ್ಮದಲ್ಲ, ನನ್ನದು ಎಂದೆ.

"ಗೊತ್ತು" ಎಂದರು. ಆಮೇಲೆ ಪದ ಹುಡುಕುತ್ತ, ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಇಂಗಿನ ಡಬ್ಬಿ ಮೂಸಿದ್ಯಲ್ಲ... ನೋಡ್ದೆ. ನಾನೂ ಹಂಗೇ ಮೂಸಿದ್ದೆ, ಮೊದಲ್ನೇ ದಿನ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಊರು ನಿನ್ನ ಬಿಡ್ತಿತ್ತಾ? ನಿಂಗೆ ಇಸ್ಕೂಲೈತೆ. ನಂದು ಹೆಂಗೂ ಮುಗ್ದಿತ್ತು ಕಣೇ." ಅಷ್ಟು ಹೇಳಿ, ಊಟ ಮಾಡ್ಕೊಂಡು ಹೋಗು ಎಂದರು. ಅಡುಗೆ ಮಾಡಿದ್ದು ಅವರಲ್ಲ. ಆದರೂ ಬಾಗಿಲಲ್ಲಿ ನಿಂತು ನನ್ನ ತಟ್ಟೆಯನ್ನೇ ನೋಡುತ್ತಿದ್ದರು.

ಅದೇ ಕೊನೆ. ಮತ್ತೆ ಹೋಗಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಹೋದ ವಾರ ಅವರ ತಂಗಿಯ ಫೋನು ಬಂತು, ದೊಡ್ಡಮ್ಮ ತೀರಿಕೊಂಡರೆಂದು. ಬೇರೆ ಕಾಯಿಲೆಗಳೂ ಸೇರಿಕೊಂಡಿದ್ದವಂತೆ. ಶಿವಗಣಾರಾಧನೆಯ ದಿನ ಹೇಳಿ, ಬರಬೇಕು ಎಂದರು. ಪಾಯಸಕ್ಕೆ ಕೊಬ್ಬರಿ ನಾನು ತರುತ್ತೇನೆ ಎಂದು ನಾನೇ ಮೇಲೆ ಬಿದ್ದು ಹೇಳಿದೆ. ಅದಕ್ಕೇ ಅರಸೀಕೆರೆಯ ಆ ಅಂಗಡಿಯಲ್ಲಿ ನಿಂತಿದ್ದು. ಅಂಗಡಿಯವನ ತಾಳ್ಮೆ ಕೆಡುವ ತನಕ ಒಂದೊಂದು ಉಂಡೆಯನ್ನೂ ಒಡೆಸಿ, ಮೂಸಿ, ಆರಿಸಿ ತುಂಬಿಸಿಕೊಂಡೆ. ಹಳೇಬೀಡು, ಬೇಲೂರು ದಾಟುವ ತನಕ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ.

ಪಂಕ್ತಿಯಲ್ಲಿ ಕೂತೆ. ಪಾಯಸ ಎಲೆಗೆ ಬಿದ್ದಾಗ ಏಲಕ್ಕಿ, ಬೆಲ್ಲ, ಕೊಬ್ಬರಿ ಎಲ್ಲವೂ ಬೇರೆಬೇರೆಯಾಗಿ ಮೂಗಿಗೆ ಬಂದವು. ಚೆನ್ನಾಗಿತ್ತು. ದೊಡ್ಡಮ್ಮನ ಕೈಯದಷ್ಟಲ್ಲ, ಆದರೂ ಚೆನ್ನಾಗಿತ್ತು. ಎರಡನೇ ಸುತ್ತಿಗೆ ಬಕೆಟ್ಟು ಬಂದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿ, ಹಾಕಿ ಎಂದೆ. ಬಡಿಸುವವನು ಎರಡು ಸೌಟು ಹಾಕಿದ. ಇನ್ನೂ ಹಾಕಿ ಎಂದೆ. ನನ್ನ ಪಕ್ಕದವರೂ ಕೇಳಿದರು, ಆಚೆಯವರೂ ಕೇಳಿದರು. ಬಕೆಟ್ಟು ಅರ್ಧ ದಾರಿಯಲ್ಲೇ ಖಾಲಿಯಾಗಿ ಒಳಗೆ ಹೋಯಿತು. ಅದನ್ನು ನೋಡಬೇಕಾಗಿದ್ದವರು ಬಾಗಿಲಲ್ಲಿ ಇರಲಿಲ್ಲ.